ಚರ್ಮ ಕೆಂಪಾದಾಗ ಮೊದಲು ಏನು ಹಚ್ಚಬೇಕು?

ಕಳೆದ ವರ್ಷ ಈದ್‌ನ ಹಿಂದಿನ ರಾತ್ರಿ ಅಕ್ಕನ ಮಗಳು ಕೈಗೆ ಮದರಂಗಿ ಹಚ್ಚಿಸಿಕೊಂಡಳು. ಅಂಗಡಿಯಲ್ಲಿ ಸಿಗುವ ಕಪ್ಪು ಮೆಹಂದಿಯ ಕೋನ್. ಅರ್ಧ ಗಂಟೆಯಲ್ಲಿ ಗಾಢ ಬಣ್ಣ ಬರುತ್ತದೆಂದು ಹುಡುಗಿಯರೆಲ್ಲ ಅದನ್ನೇ ತರಿಸಿದ್ದರು. ಈದ್ ಚೆನ್ನಾಗಿಯೇ ಕಳೆಯಿತು. ಮೂರನೆಯ ದಿನ ಬೆಳಿಗ್ಗೆ ನೋಡಿದರೆ ಕೈಯಲ್ಲಿ ಬಿಡಿಸಿದ್ದ ಹೂವು, ಬಳ್ಳಿಗಳೆಲ್ಲ ಅದೇ ಆಕಾರದಲ್ಲಿ ಕೆಂಪಾಗಿ ಉಬ್ಬಿ ನಿಂತಿದ್ದವು. ತುರಿಕೆ, ಉರಿ ಬೇರೆ. ಆ ರಾತ್ರಿ ಅವಳು ನಿದ್ದೆ ಮಾಡಲಿಲ್ಲ.

ಮನೆ ಎಂದ ಮೇಲೆ ಮದ್ದು ಹೇಳುವವರಿಗೆ ಕೊರತೆಯಿಲ್ಲ. ಅಜ್ಜಿ ಅರಸಿನ ಅರೆದು ಹಚ್ಚಿದರು. ಲಿಂಬೆರಸ ಹಿಂಡಿದರೆ ಬಣ್ಣವೂ ಹೋಗುತ್ತದೆ, ತುರಿಕೆಯೂ ಹೋಗುತ್ತದೆ ಎಂದರು ಅತ್ತಿಗೆ. ಟೂತ್‌ಪೇಸ್ಟ್ ತಂಪು ಎಂದರು ಪಕ್ಕದ ಮನೆಯವರು. ಕೊನೆಗೆ ಬಾವ ಮೆಡಿಕಲ್‌ಗೆ ಹೋಗಿ ಒಂದು ಟ್ಯೂಬ್ ತಂದರು. ಐದನೆಯ ದಿನ ಗುಳ್ಳೆಗಳು ಒಡೆದು ನೀರು ಸೋರತೊಡಗಿದಾಗ ಚರ್ಮರೋಗ ತಜ್ಞೆಯ ಬಳಿಗೆ ಓಡಿದೆವು. ಕೈ ನೋಡಿದ ಅವರು ಏನಾಯಿತೆಂದು ಕೇಳಲಿಲ್ಲ. ಅವರ ಮೊದಲ ಪ್ರಶ್ನೆ, “ಇದರ ಮೇಲೆ ಏನೆಲ್ಲ ಹಚ್ಚಿದ್ದೀರಿ?”

ನಾವು ಒಂದೊಂದಾಗಿ ಹೇಳುತ್ತಾ ಹೋದೆವು. ಹೇಳುವಾಗಲೇ ನಮಗೆ ನಾಚಿಕೆಯಾಯಿತು. ಕಾಯಿಲೆ ಒಂದು, ಮದ್ದು ನಾಲ್ಕು. ಯಾವ ಕೆಂಪು ಮೆಹಂದಿಯದ್ದು, ಯಾವ ಕೆಂಪು ಲಿಂಬೆಯದ್ದು ಎಂದು ವೈದ್ಯರಿಗೂ ಬಿಡಿಸಿ ಹೇಳುವುದು ಕಷ್ಟವಾಗಿತ್ತು.

ಮನೆಮದ್ದು ಕೆಟ್ಟದ್ದೆಂದು ಹೇಳುವುದು ನನ್ನ ಉದ್ದೇಶವಲ್ಲ. ಚರ್ಮ ಕೆಂಪಾದಾಗ ನಿಜಕ್ಕೂ ಉಪಕಾರಕ್ಕೆ ಬರುವ ವಸ್ತುಗಳು ನಮ್ಮ ಮನೆಯಲ್ಲೇ ಇವೆ. ಆದರೆ ಕೆರಳಿದ ಚರ್ಮ ಮೊದಲು ಕೇಳುವುದು ಮದ್ದನ್ನಲ್ಲ, ಬಿಡುವನ್ನು. ಇದೊಂದು ಮಾತು ನೆನಪಿದ್ದರೆ ಅರ್ಧ ಚಿಕಿತ್ಸೆ ಆದಂತೆಯೇ.

ಕೆಂಪಾಗುವುದು ಯಾಕೆ?

ನಮ್ಮ ಚರ್ಮದ ಹೊರಪದರ ಇಟ್ಟಿಗೆಯ ಗೋಡೆಯಂತಿದೆ. ಜೀವಕೋಶಗಳೇ ಇಟ್ಟಿಗೆಗಳು. ಅವುಗಳ ನಡುವಿನ ಕೊಬ್ಬಿನಂಶ ಗಾರೆ. ಈ ಗೋಡೆ ಒಳಗಿನ ತೇವವನ್ನು ಹೊರಗೆ ಬಿಡುವುದಿಲ್ಲ, ಹೊರಗಿನ ರಾಸಾಯನಿಕ, ರೋಗಾಣುಗಳನ್ನು ಒಳಗೆ ಬಿಡುವುದಿಲ್ಲ. ಆರೋಗ್ಯವಂತ ಚರ್ಮದ ಮೇಲ್ಮೈ ತುಸು ಆಮ್ಲೀಯವಾಗಿರುತ್ತದೆ. ಸಾಮಾನ್ಯ ಸಾಬೂನು ಕ್ಷಾರ. ದಿನಕ್ಕೆ ಹಲವು ಬಾರಿ ಸಾಬೂನು, ಪಾತ್ರೆ ತೊಳೆಯುವ ದ್ರಾವಣ, ಬಟ್ಟೆಯ ಪುಡಿ ತಾಗುತ್ತಿದ್ದರೆ ಗಾರೆ ಕರಗುತ್ತಾ ಹೋಗುತ್ತದೆ. ಗೋಡೆಯಲ್ಲಿ ಬಿರುಕು ಬಿಡುತ್ತದೆ. ಆಗ ಒಳನುಗ್ಗಿದ ವಸ್ತುವನ್ನು ಎದುರಿಸಲು ದೇಹ ಆ ಜಾಗಕ್ಕೆ ಹೆಚ್ಚು ರಕ್ತ ಹರಿಸುತ್ತದೆ. ಕೆಂಪು, ಬಿಸಿ, ಊತ, ತುರಿಕೆ ಎಲ್ಲವೂ ಇದರ ಫಲ.

ಎಲ್ಲ ಕೆಂಪೂ ಒಂದೇ ಅಲ್ಲ. ಸಾಬೂನು, ಬೆವರು, ಉಜ್ಜುವಿಕೆಯಿಂದ ಯಾರ ಚರ್ಮವಾದರೂ ಕೆರಳಬಹುದು. ಅಲರ್ಜಿ ಹಾಗಲ್ಲ. ಅದು ಕೆಲವರಿಗೆ ಮಾತ್ರ, ಕೆಲವು ವಸ್ತುಗಳಿಂದ ಮಾತ್ರ ಬರುತ್ತದೆ. ವಸ್ತು ತಾಗಿ ಒಂದೆರಡು ದಿನ ಕಳೆದ ಮೇಲೆ ಕಾಣಿಸಿಕೊಳ್ಳುವುದರಿಂದ ಕಾರಣ ಸುಲಭವಾಗಿ ತಿಳಿಯುವುದಿಲ್ಲ. ಅಕ್ಕನ ಮಗಳಿಗೆ ಆದದ್ದು ಇದೇ.

ಇನ್ನೊಂದು ಮಾತು. ನಮ್ಮಲ್ಲಿ ಗೋಧಿ ಬಣ್ಣದವರೂ ಕಪ್ಪು ಬಣ್ಣದವರೂ ಇದ್ದೇವೆ. ಕಪ್ಪು ಚರ್ಮದ ಮೇಲೆ ಕೆಂಪು ಕೆಂಪಾಗಿ ಕಾಣುವುದಿಲ್ಲ. ನೇರಳೆ ಅಥವಾ ಗಾಢ ಕಂದು ಬಣ್ಣವಾಗಿ ಕಾಣಬಹುದು. ಮಗುವಿನ ಚರ್ಮ ಕೆಂಪಾಗಿಲ್ಲವಲ್ಲ ಎಂದು ಸುಮ್ಮನಾಗದೆ ಕೈಯಿಂದ ಮುಟ್ಟಿ ನೋಡಿ. ಬಿಸಿಯಾಗಿದೆಯೇ, ಒರಟಾಗಿದೆಯೇ, ಮುಟ್ಟಿದರೆ ಮಗು ಅಳುತ್ತದೆಯೇ ಎಂಬುದೇ ಗುರುತು.

ಮೊದಲ ದಿನದ ಮೂರು ಕೆಲಸ

ಒಂದು, ಕಾರಣವನ್ನು ನಿಲ್ಲಿಸಿ. ಎರಡು ದಿನಗಳಿಂದ ಹೊಸದೇನು ಬಳಸಿದ್ದೀರೆಂದು ನೆನಪಿಸಿಕೊಳ್ಳಿ. ಹೊಸ ಸಾಬೂನು, ಕ್ರೀಮ್, ತಲೆಗೂದಲ ಬಣ್ಣ, ತೊಳೆಯದೆ ಉಟ್ಟ ಹೊಸ ಬಟ್ಟೆ, ಅತ್ತರು, ಕೃತಕ ಆಭರಣ, ಯಾವುದೇ ಇರಲಿ, ಸದ್ಯಕ್ಕೆ ಬದಿಗಿಡಿ. ಮುಖ ಕೆಂಪಾಗಿದ್ದರೆ ಎಲ್ಲ ಕ್ರೀಮ್, ಪೌಡರುಗಳಿಗೂ ರಜೆ ಕೊಡಿ.

ಎರಡು, ತೊಳೆಯಿರಿ. ತಣ್ಣೀರು ಅಥವಾ ಉಗುರು ಬೆಚ್ಚಗಿನ ನೀರು ಸಾಕು. ಬಿಸಿನೀರು ಹಾಕಿದರೆ ತುರಿಕೆ ಕಡಿಮೆಯಾದಂತೆ ಅನಿಸುತ್ತದೆ, ಸ್ವಲ್ಪ ಹೊತ್ತಿನ ನಂತರ ದುಪ್ಪಟ್ಟಾಗಿ ಮರಳುತ್ತದೆ. ಉಜ್ಜಬೇಡಿ, ತೊಳೆದ ಮೇಲೆ ಬಟ್ಟೆ ಒತ್ತಿ ನೀರು ಹೀರಿಸಿ.

ಮೂರು, ತಂಪಾಗಿಸಿ. ಹಳೆಯ ಮೆತ್ತನೆಯ ಹತ್ತಿ ಬಟ್ಟೆಯನ್ನು ತಣ್ಣೀರಿನಲ್ಲಿ ಅದ್ದಿ, ಹಿಂಡಿ, ಕೆಂಪಾದ ಜಾಗದ ಮೇಲೆ 10ರಿಂದ 15 ನಿಮಿಷ ಇಡಿ. ದಿನಕ್ಕೆ ಮೂರು ನಾಲ್ಕು ಬಾರಿ ಹೀಗೆ ಮಾಡಬಹುದು. ಮನೆಮದ್ದುಗಳಲ್ಲಿ ಇದಕ್ಕಿಂತ ಸುಲಭದ್ದು, ಅಗ್ಗದ್ದು, ಸುರಕ್ಷಿತವಾದದ್ದು ಇನ್ನೊಂದಿಲ್ಲ. ಆದರೆ ಮಂಜುಗಡ್ಡೆಯನ್ನು ನೇರವಾಗಿ ಚರ್ಮಕ್ಕೆ ಒತ್ತಬೇಡಿ. ಅದರಿಂದಲೂ ಚರ್ಮ ಸುಡುತ್ತದೆ.

ಕುದಿಯುವ ನೀರು, ಹಬೆ ಅಥವಾ ಎಣ್ಣೆ ತಾಗಿ ಕೆಂಪಾಗಿದ್ದರೆ ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ತುಪ್ಪ, ಟೂತ್‌ಪೇಸ್ಟ್, ಶಾಯಿ ಯಾವುದೂ ಬೇಡ. ಅವು ಬಿಸಿಯನ್ನು ಒಳಗೇ ಹಿಡಿದಿಡುತ್ತವೆ, ಗಾಯ ಎಷ್ಟು ಆಳವಿದೆ ಎಂದು ವೈದ್ಯರಿಗೆ ಕಾಣದಂತೆ ಮಾಡುತ್ತವೆ.

ಅಡುಗೆಮನೆಯಿಂದ ಯಾವುದು ಒಳ್ಳೆಯದು?

ತೆಂಗಿನೆಣ್ಣೆ: ಒಣಗಿ, ಬಿರಿದು ಕೆಂಪಾದ ಕೈಕಾಲುಗಳಿಗೆ ಇದು ಒಳ್ಳೆಯದು. ಫಿಲಿಪ್ಪೀನ್ಸ್‌ನಲ್ಲಿ ಇಸುಬು ಇದ್ದ ಮಕ್ಕಳ ಮೇಲೆ ಎಂಟು ವಾರಗಳ ಅಧ್ಯಯನ ನಡೆದಿದೆ. ಅದರಲ್ಲಿ ಶುದ್ಧ ತೆಂಗಿನೆಣ್ಣೆ ಖನಿಜ ಎಣ್ಣೆಗಿಂತ ಹೆಚ್ಚು ಪರಿಣಾಮ ತೋರಿತು. ಸುವಾಸನೆ ಬೆರೆಸದ ಎಣ್ಣೆಯನ್ನು ಸ್ನಾನ ಮುಗಿದ ಕೂಡಲೇ, ಮೈಯಲ್ಲಿ ಇನ್ನೂ ತುಸು ತೇವ ಇರುವಾಗ ತೆಳ್ಳಗೆ ಸವರಿ. ಮೊಡವೆ ಇರುವ ಮುಖಕ್ಕೆ, ಬೆವರುಸಾಲೆಗೆ, ನೀರು ಸೋರುವ ಗಾಯಕ್ಕೆ ಮಾತ್ರ ಬೇಡ.

ಓಟ್ಸ್: ಬೆಳಗಿನ ತಿಂಡಿಗೆ ತರುವ, ಉಪ್ಪು ಮಸಾಲೆ ಇಲ್ಲದ ಸಾದಾ ಓಟ್ಸನ್ನು ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿ. ಒಂದು ಚಮಚ ಪುಡಿಯನ್ನು ಲೋಟ ನೀರಿಗೆ ಹಾಕಿ ಕಲಕಿದಾಗ ನೀರು ಹಾಲಿನಂತೆ ಬೆಳ್ಳಗಾದರೆ ಪುಡಿ ಸರಿಯಾಗಿದೆ. ಅಡಿಯಲ್ಲಿ ತರಿ ಕೂತರೆ ಇನ್ನಷ್ಟು ಅರೆಯಬೇಕು. ಮಗುವಿನ ಸ್ನಾನದ ಟಬ್ಬಿನ ಉಗುರು ಬೆಚ್ಚಗಿನ ನೀರಿಗೆ ನಾಲ್ಕೈದು ಚಮಚ ಬೆರೆಸಿ 10ರಿಂದ 15 ನಿಮಿಷ ಕೂರಿಸಿ. ದೊಡ್ಡವರು ಆ ನೀರಿನಲ್ಲಿ ಬಟ್ಟೆ ಅದ್ದಿ ಇಟ್ಟುಕೊಳ್ಳಬಹುದು. ತುರಿಕೆ ತಗ್ಗಿಸುವ ಅಂಶಗಳು ಓಟ್ಸ್‌ನಲ್ಲಿವೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ 2003ರಲ್ಲಿ ನುಣ್ಣನೆಯ ಓಟ್ಸ್ ಪುಡಿಯನ್ನು ಚರ್ಮರಕ್ಷಕವೆಂದು ಅಂಗೀಕರಿಸಿದೆ. ಟಬ್ಬಿನಲ್ಲಿ ಜಾರುತ್ತದೆ, ಮಗುವನ್ನು ಹಿಡಿದುಕೊಂಡೇ ಇರಿ.

ಲೋಳೆಸರ: ಬಿಸಿಲಿಗೆ ಕೆಂಪಾದ ಚರ್ಮಕ್ಕೆ ತಂಪು ನೀಡುತ್ತದೆ. ಆದರೆ ಎಲೆ ಮುರಿದ ಕೂಡಲೇ ಹಚ್ಚುವುದು ತಪ್ಪು. ಸಿಪ್ಪೆಯ ಕೆಳಗಿನ ಹಳದಿ ರಸ ಚರ್ಮವನ್ನು ಕೆರಳಿಸುತ್ತದೆ. ಎಲೆಯನ್ನು ಕತ್ತರಿಸಿ 15 ನಿಮಿಷ ನೆಟ್ಟಗೆ ನಿಲ್ಲಿಸಿ, ಹಳದಿ ರಸ ಇಳಿದ ಮೇಲೆ ತೊಳೆದು, ಸಿಪ್ಪೆ ತೆಗೆದು ಒಳಗಿನ ಪಾರದರ್ಶಕ ತಿರುಳನ್ನು ಮಾತ್ರ ಬಳಸಿ.

ಝೈತೂನ್ ಎಣ್ಣೆ: ನಮ್ಮ ಮನೆಗಳಲ್ಲಿ ಈ ಎಣ್ಣೆಗೆ ವಿಶೇಷ ಗೌರವವಿದೆ. ಆಹಾರವಾಗಿ ಅದರ ಗುಣ ಎಲ್ಲರಿಗೂ ಗೊತ್ತು. ಆದರೆ ಒಣ, ಕೆಂಪು ಚರ್ಮದ ಹಸುಗೂಸಿಗೆ ಅದರಿಂದ ಮಾಲಿಶ್ ಮಾಡುವುದನ್ನು ಈಗ ಚರ್ಮತಜ್ಞರು ಒಪ್ಪುವುದಿಲ್ಲ. ಅದರಲ್ಲಿ ಹೇರಳವಾಗಿರುವ ಓಲಿಯಿಕ್ ಆಮ್ಲ ಚರ್ಮದ ಗಾರೆಯನ್ನು ಸಡಿಲಗೊಳಿಸುತ್ತದೆ. ಎಲ್ಲ ಚರ್ಮಕ್ಕೂ ಎಲ್ಲ ಹೊತ್ತಿಗೂ ಒಂದೇ ಎಣ್ಣೆ ಹೊಂದುವುದಿಲ್ಲ.

ಯಾವುದನ್ನೇ ಆಗಲಿ ಮೊದಲ ಬಾರಿ ಬಳಸುವ ಮುನ್ನ ಮೊಣಕೈಯ ಒಳಭಾಗದಲ್ಲಿ ನಾಣ್ಯದಷ್ಟು ಜಾಗಕ್ಕೆ ಹಚ್ಚಿ ಎರಡು ದಿನ ನೋಡಿ. ಒಮ್ಮೆಗೆ ಒಂದನ್ನೇ ಬಳಸಿ. ಎರಡು ಮೂರು ಬೆರೆಸಿದರೆ ಯಾವುದು ಹೊಂದಲಿಲ್ಲ ಎಂಬುದು ಗೊತ್ತಾಗುವುದಿಲ್ಲ.

ಯಾವುದು ಬೇಡ?

ಲಿಂಬೆರಸ ತೀವ್ರ ಆಮ್ಲ. ಅದನ್ನು ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯಬಹುದು. ಅಡುಗೆ ಸೋಡಾ ಮತ್ತು ಸುಣ್ಣ ಕ್ಷಾರ. ಹಸಿ ಬೆಳ್ಳುಳ್ಳಿ ಕಟ್ಟಿದರೆ ಗುಳ್ಳೆಯೇಳುತ್ತದೆ. ಟೂತ್‌ಪೇಸ್ಟಿನ ತಂಪು ಪುದೀನದ್ದು, ಅದು ಗುಣಪಡಿಸುವುದಿಲ್ಲ. ನೀರು ಬೆರೆಸದ ಕ್ರಿಮಿನಾಶಕ ದ್ರಾವಣ ಚರ್ಮವನ್ನು ಇನ್ನಷ್ಟು ಸುಡುತ್ತದೆ. ಅರಸಿನ ಕೆಲವರಿಗೆ ಅಲರ್ಜಿ ಮಾಡುತ್ತದೆ. ಮೇಲಾಗಿ ಅದರ ಹಳದಿಯ ಕೆಳಗೆ ಕೆಂಪು ಹರಡುತ್ತಿದೆಯೇ ಇಲ್ಲವೇ ಎಂದು ತಿಳಿಯುವುದಿಲ್ಲ.

ಹಸುಗೂಸುಗಳ ಬಿರಿದ ಚರ್ಮಕ್ಕೆ ಕಡಲೆಹಿಟ್ಟು, ಹಸುವಿನ ಹಾಲು, ನೆಲಗಡಲೆ ಎಣ್ಣೆಯಂತಹ ತಿನ್ನುವ ವಸ್ತುಗಳನ್ನು ಹಚ್ಚದಿರುವುದೇ ಲೇಸು. ಒಡೆದ ಚರ್ಮದ ಮೂಲಕ ಆಹಾರದ ಅಂಶ ಒಳಹೊಕ್ಕರೆ ಮುಂದೆ ಅದೇ ಆಹಾರಕ್ಕೆ ಅಲರ್ಜಿ ಹುಟ್ಟುವ ಸಾಧ್ಯತೆಯಿದೆ.

ಕಾಲಕ್ಕೊಂದು ಕೆಂಪು

ಕರಾವಳಿಯಲ್ಲಿ ಏಪ್ರಿಲ್, ಮೇ ಬಂತೆಂದರೆ ಮಕ್ಕಳ ಕುತ್ತಿಗೆ, ಬೆನ್ನಿನ ಮೇಲೆ ಬೆವರುಸಾಲೆ. ಬೆವರಿನ ರಂಧ್ರ ಮುಚ್ಚಿಕೊಂಡು ಬರುವ ತೊಂದರೆ ಇದು. ಎಣ್ಣೆ, ದಪ್ಪ ಕ್ರೀಮ್ ಹಚ್ಚಿದರೆ ರಂಧ್ರ ಇನ್ನಷ್ಟು ಮುಚ್ಚುತ್ತದೆ. ಸಡಿಲವಾದ ಹತ್ತಿ ಬಟ್ಟೆ, ಫ್ಯಾನಿನ ಗಾಳಿ, ಎರಡು ಹೊತ್ತು ತಣ್ಣೀರ ಸ್ನಾನ ಸಾಕು. ಶಿಶುಗಳ ಮುಖದ ಹತ್ತಿರ ಪೌಡರ್ ಚಿಮುಕಿಸಬೇಡಿ, ಅದು ಶ್ವಾಸಕೋಶಕ್ಕೆ ಹೋಗುತ್ತದೆ.

ಅದೇ ಕಾಲದಲ್ಲಿ ಕಾಡುಮಾವು ಚೀಪಿದ ಮಕ್ಕಳ ಬಾಯಿಯ ಸುತ್ತ ಕೆಂಪು ಗುಳ್ಳೆ ಏಳುವುದುಂಟು. ಅದು ಸೊನೆಯ ಕೆಲಸ. ತೊಟ್ಟು ಮುರಿದು ಸೊನೆ ಇಳಿಸಿ, ಹಣ್ಣನ್ನು ನೀರಿನಲ್ಲಿ ತೊಳೆದು ಕೊಡಿ. ಸೊನೆ ತಾಗಿದರೆ ತಡಮಾಡದೆ ಸಾಬೂನು ಹಚ್ಚಿ ತೊಳೆಯಿರಿ. ಗೇರುಬೀಜದ ಸಿಪ್ಪೆಯ ಎಣ್ಣೆಯೂ ಇದೇ ಜಾತಿಯದ್ದು, ಇನ್ನಷ್ಟು ತೀಕ್ಷ್ಣ. ಹಸಿ ಬೀಜ ಒಡೆಯುವವರು ಕೈಗವಸು ಹಾಕಿಕೊಳ್ಳಲೇಬೇಕು.

ಮಳೆಗಾಲದಲ್ಲಿ ಟ್ಯೂಬ್‌ಲೈಟಿನ ಬೆಳಕಿಗೆ ಬರುವ ಕೆಂಪು ಕಪ್ಪು ಪಟ್ಟೆಯ ಚಿಕ್ಕ ಹುಳು ಮೈಮೇಲೆ ಕೂತರೆ ಹೊಡೆಯಬೇಡಿ, ಊದಿ ಹಾರಿಸಿ. ಜಜ್ಜಿದರೆ ಅದರ ವಿಷದ ರಸ ತಾಗಿ ಮರುದಿನ ಗೀರೆಳೆದಂತೆ ಸುಟ್ಟ ಗಾಯ ಏಳುತ್ತದೆ. ಕಂಬಳಿಹುಳ ತಾಗಿದರೆ ಉಜ್ಜದೆ, ಅಂಟುವ ಟೇಪನ್ನು ಒತ್ತಿ ಎಳೆದು ರೋಮಗಳನ್ನು ತೆಗೆಯಿರಿ. ಆಮೇಲೆ ಸಾಬೂನಿನಿಂದ ತೊಳೆಯಿರಿ.

ವುಝೂ, ಸ್ಕಾರ್ಫ್, ಅತ್ತರು

ದಿನಕ್ಕೆ ಐದು ಬಾರಿ ವುಝೂ ಮಾಡುವವರ ಕೈಕಾಲು ಶುಚಿಯಾಗಿರುತ್ತದೆ. ಆದರೆ ತೊಳೆದ ಮೇಲೆ ಒರೆಸದೆ ಹಾಗೆಯೇ ಸಾಕ್ಸ್ ಹಾಕಿದರೆ ಬೆರಳ ಸಂದಿಯಲ್ಲಿ ಚರ್ಮ ಬೆಳ್ಳಗೆ ಮೆದುವಾಗಿ, ಮತ್ತೆ ಕೆಂಪಾಗಿ ಬಿರಿಯುತ್ತದೆ. ಸಂದಿಗಳನ್ನು, ಉಂಗುರದ ಕೆಳಭಾಗವನ್ನು ಒಣಬಟ್ಟೆಯಿಂದ ಒತ್ತಿ ಒರೆಸಿಕೊಳ್ಳಿ. ಸಕ್ಕರೆ ಕಾಯಿಲೆ ಇರುವವರಿಗೆ ಇದು ತೀರಾ ಮುಖ್ಯ. ಕೈ ಒಣಗಿ ಒರಟಾಗುತ್ತಿದ್ದರೆ ವುಝೂ ಆದ ಮೇಲೆ ನಾಲ್ಕು ಹನಿ ಎಣ್ಣೆ ಸವರಿಕೊಳ್ಳಿ. ಗಾಯಕ್ಕೆ ನೀರು ತಾಗಿಸಬಾರದೆಂದು ವೈದ್ಯರು ಹೇಳಿದರೆ ತಯಮ್ಮುಮ್‌ನ ರಿಯಾಯಿತಿ ಇದ್ದೇ ಇದೆ. ತಿಳಿದವರಲ್ಲಿ ಕೇಳಿ ಪಾಲಿಸಿ, ಗಾಯ ನೆನೆಸಿಕೊಂಡು ಕಷ್ಟಪಡಬೇಡಿ.

ಗಲ್ಲದ ಕೆಳಗೆ, ಕಿವಿಯ ಹಿಂದೆ ಪದೇ ಪದೇ ಕೆಂಪಾಗುವ ಸಹೋದರಿಯರು ಸ್ಕಾರ್ಫಿನ ಬಟ್ಟೆ ಮತ್ತು ಪಿನ್ನನ್ನು ಗಮನಿಸಿ. ಪಿನ್ನಿನ ಲೋಹದಲ್ಲಿರುವ ನಿಕ್ಕಲ್ ಹಲವರಿಗೆ ಅಲರ್ಜಿ. ಹೊಸ ಸ್ಕಾರ್ಫನ್ನು ಒಮ್ಮೆ ಒಗೆದ ಮೇಲೆಯೇ ಧರಿಸಿ. ಬೇಸಿಗೆಯಲ್ಲಿ ಹತ್ತಿಯದ್ದೇ ಇರಲಿ. ಅತ್ತರನ್ನು ಕುತ್ತಿಗೆಯ ಚರ್ಮಕ್ಕೆ ಹಚ್ಚದೆ ಬಟ್ಟೆಗೆ ಹಚ್ಚಿ.

ಮೆಹಂದಿಯ ವಿಷಯಕ್ಕೆ ಬರೋಣ. ಮದರಂಗಿ ಸೊಪ್ಪು ಕೊಡುವುದು ಕಿತ್ತಳೆಯಿಂದ ಕೆಂಗಂದಿನ ವರೆಗಿನ ಬಣ್ಣ. ಅದಕ್ಕೆ ಕೆಲವು ಗಂಟೆ ಬೇಕು. ಅರ್ಧ ಗಂಟೆಯಲ್ಲಿ ಕುಚ್ಚುಗಪ್ಪು ಬಂದರೆ ಅದರಲ್ಲಿ ಬೇರೇನೋ ಇದೆ ಎಂದೇ ಅರ್ಥ. ಹೆಚ್ಚಾಗಿ ಅದು ತಲೆಗೂದಲ ಬಣ್ಣದಲ್ಲಿ ಬಳಸುವ ಪಿಪಿಡಿ ಎಂಬ ರಾಸಾಯನಿಕ. ಒಮ್ಮೆ ಅದಕ್ಕೆ ಅಲರ್ಜಿ ಹುಟ್ಟಿತೆಂದರೆ ಸಾಮಾನ್ಯವಾಗಿ ಜೀವಮಾನವಿಡೀ ಉಳಿಯುತ್ತದೆ. ಮುಂದೆ ಕೂದಲಿಗೆ ಡೈ ಹಚ್ಚಿದರೂ ಮುಖ ಊದಿಕೊಳ್ಳಬಹುದು.

ಮೆಡಿಕಲ್‌ನ ಆ ಟ್ಯೂಬ್

ಚರ್ಮರೋಗ ತಜ್ಞೆ ಲಿಂಬೆರಸಕ್ಕಿಂತ ಹೆಚ್ಚು ಬೇಸರ ಮಾಡಿಕೊಂಡದ್ದು ಬಾವ ತಂದ ಟ್ಯೂಬಿನ ಬಗ್ಗೆ. ಅದರಲ್ಲಿ ಸ್ಟೀರಾಯ್ಡ್, ಶಿಲೀಂಧ್ರನಾಶಕ, ಆಂಟಿಬಯೋಟಿಕ್ ಮೂರೂ ಬೆರೆತಿದ್ದವು. ಸ್ಟೀರಾಯ್ಡ್ ಮುಲಾಮು ಸರಿಯಾದ ರೋಗಕ್ಕೆ, ಸರಿಯಾದ ಪ್ರಮಾಣದಲ್ಲಿ, ವೈದ್ಯರು ಹೇಳಿದಷ್ಟು ದಿನ ಬಳಸಿದರೆ ಒಳ್ಳೆಯ ಔಷಧ. ಅಕ್ಕನ ಮಗಳಿಗೂ ಕೊನೆಗೆ ವೈದ್ಯರು ಕೊಟ್ಟದ್ದರಲ್ಲಿ ಸ್ಟೀರಾಯ್ಡ್ ಇತ್ತು. ಆದರೆ ಎಷ್ಟು ಹಚ್ಚಬೇಕು, ಎಂದು ನಿಲ್ಲಿಸಬೇಕು ಎಂದು ಬರೆದುಕೊಟ್ಟಿದ್ದರು. ನಮ್ಮಷ್ಟಕ್ಕೆ ನಾವೇ ಬಳಸಿದರೆ ಎರಡು ದಿನದಲ್ಲಿ ಕೆಂಪು ಮಾಯವಾಗುತ್ತದೆ, ನಿಲ್ಲಿಸಿದ ಕೂಡಲೇ ಮರಳಿ ಬರುತ್ತದೆ. ಹೀಗೆ ತಿಂಗಳುಗಟ್ಟಲೆ ಮುಖಕ್ಕೆ ಹಚ್ಚಿದವರ ಚರ್ಮ ತೆಳುವಾಗಿ, ರಕ್ತನಾಳ ಕಾಣುವಂತಾಗಿ, ಬಿಸಿಲು ತಾಗಿದರೆ ಉರಿಯುವಂತಾಗುತ್ತದೆ. ಬೆಳ್ಳಗಾಗಲು ಬಳಸುವ ಕೆಲವು ಕ್ರೀಮ್‌ಗಳಲ್ಲೂ ಇದೇ ಇರುತ್ತದೆ.

ಉಂಗುರದಂತೆ ಅಂಚು ಕಟ್ಟಿಕೊಂಡು ಹರಡುವ ಹುಳುಕಡ್ಡಿಗೆ ಸ್ಟೀರಾಯ್ಡ್ ಹಚ್ಚುವುದಂತೂ ಬೆಂಕಿಗೆ ಗಾಳಿ ಹಾಕಿದಂತೆ. ಮೇಲೆ ತುರಿಕೆ ತಗ್ಗುತ್ತದೆ, ಶಿಲೀಂಧ್ರ ಮಾತ್ರ ಆರಾಮವಾಗಿ ಬೆಳೆಯುತ್ತದೆ. ನಮ್ಮ ದೇಶದಲ್ಲಿ ಹುಳುಕಡ್ಡಿ ಈಗ ಬೇಗ ವಾಸಿಯಾಗದಿರಲು ಇದೂ ಒಂದು ಕಾರಣವೆಂದು ಚರ್ಮತಜ್ಞರು ಎಚ್ಚರಿಸುತ್ತಿದ್ದಾರೆ. 2018ರಲ್ಲಿ ಕೇಂದ್ರ ಸರಕಾರ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ ಎಂಬ ಪಟ್ಟಿಗೆ ಸೇರಿಸಿದೆ. ಟ್ಯೂಬಿನ ಮೇಲೆ ಕ್ಲೊಬೆಟಾಸೋಲ್, ಬೀಟಾಮೆಥಾಸೋನ್, ಮೊಮೆಟಾಸೋನ್ ಎಂದಿದ್ದರೆ ಅದು ಸ್ಟೀರಾಯ್ಡ್. ಓದಿ ನೋಡುವ ಅಭ್ಯಾಸ ಮಾಡಿಕೊಳ್ಳಿ.

ಮನೆಯಲ್ಲಿ ಒಬ್ಬರಿಗೆ ಹುಳುಕಡ್ಡಿ ಇದ್ದರೆ ಟವೆಲ್, ಲುಂಗಿ, ಹಾಸಿಗೆ ಬೇರೆ ಇರಲಿ. ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆದು, ಒಳಮಗ್ಗುಲು ಹೊರಗೆ ಮಾಡಿ ಬಿಸಿಲಿಗೆ ಒಣಗಿಸಿ. ತುರಿಕೆ ಇರುವವರೆಲ್ಲ ಒಟ್ಟಿಗೇ ಚಿಕಿತ್ಸೆ ಪಡೆಯಬೇಕು. ನಾಚಿಕೆಯಿಂದ ಮುಚ್ಚಿಟ್ಟರೆ ಮನೆಮಂದಿಗೆಲ್ಲ ಹರಡುತ್ತದೆ.

ಯಾವಾಗ ಕಾಯಬಾರದು?

ಕೆಂಪು ಗಂಟೆಗಂಟೆಗೂ ಹರಡುತ್ತಿದ್ದರೆ, ಜಾಗ ಬಿಸಿಯಾಗಿ ನೋಯುತ್ತಿದ್ದರೆ, ಜ್ವರ ಅಥವಾ ಕೀವು ಇದ್ದರೆ ಅದೇ ದಿನ ವೈದ್ಯರನ್ನು ಕಾಣಿ. ತುಟಿ, ನಾಲಗೆ, ಮುಖ ಊದಿ ಉಸಿರಾಡಲು ಕಷ್ಟವಾದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಹೊಸ ಮಾತ್ರೆ ತೆಗೆದುಕೊಂಡ ಮೇಲೆ ಮೈಯೆಲ್ಲ ಕೆಂಪಾಗಿ, ಬಾಯಲ್ಲಿ ಹುಣ್ಣು, ಕಣ್ಣಿನಲ್ಲಿ ಉರಿ ಕಾಣಿಸಿಕೊಂಡರೂ ಹಾಗೆಯೇ. ಉಳಿದ ಮಾತ್ರೆಗಳನ್ನೂ ಜೊತೆಗೆ ಕೊಂಡೊಯ್ಯಿರಿ. ಕಣ್ಣಿನ ಹತ್ತಿರದ ಊತ, ಹಸುಗೂಸಿನ ಮೈಮೇಲಿನ ಗುಳ್ಳೆ, ಸಕ್ಕರೆ ಕಾಯಿಲೆಯವರ ಕಾಲು ಕೆಂಪಾಗುವುದು ಇವು ಮನೆಮದ್ದಿನ ವಿಷಯಗಳಲ್ಲ. ಉಳಿದಂತೆ ಒಂದು ವಾರದಲ್ಲಿ ತಗ್ಗದಿದ್ದರೆ ತೋರಿಸಲೇಬೇಕು. ಹೋಗುವಾಗ ನೀವು ಹಚ್ಚಿದ್ದನ್ನೆಲ್ಲ ಮುಚ್ಚಿಡದೆ ಹೇಳಿ.

ಅಕ್ಕನ ಮಗಳ ಕೈ ಮೂರು ವಾರದಲ್ಲಿ ಗುಣವಾಯಿತು. ಕಪ್ಪು ಕಲೆ ಮಾಸಲು ಆರು ತಿಂಗಳು ಹಿಡಿಯಿತು. ಕಪ್ಪು ಮೆಹಂದಿ, ಹೇರ್ ಡೈ ಇನ್ನೆಂದೂ ಬೇಡವೆಂದು ವೈದ್ಯರು ಅವಳ ಚೀಟಿಯಲ್ಲಿ ಕೆಂಪು ಶಾಯಿಯಲ್ಲಿ ಬರೆದರು. ಈ ವರ್ಷ ಈದ್‌ಗೆ ಮೂರು ದಿನ ಮೊದಲೇ ಅಜ್ಜಿ ಹಿತ್ತಲಿನ ಮದರಂಗಿ ಸೊಪ್ಪು ಕೊಯ್ದು ಅರೆದರು. ವೈದ್ಯರ ಒಪ್ಪಿಗೆ ಪಡೆದೇ ಮೊದಲು ಮೊಣಕೈಯ ಬಳಿ ಒಂದು ಬೊಟ್ಟು ಇಟ್ಟು ಎರಡು ದಿನ ಕಾದರು. ಏನೂ ಆಗಲಿಲ್ಲ. ಈದ್‌ನ ಹಿಂದಿನ ರಾತ್ರಿ ಅಂಗೈಯ ನಡುವೆ ಒಂದು ದೊಡ್ಡ ಬೊಟ್ಟು, ಬೆರಳ ತುದಿಗಳಿಗೆ ಒಂದೊಂದು ಟೋಪಿ. ಮರುದಿನ ಬೆಳಿಗ್ಗೆ ಕೈ ತುಂಬ ಕಿತ್ತಳೆ ಬಣ್ಣ.

“ಇನ್ನೂ ಸ್ವಲ್ಪ ಕಪ್ಪಾಗಬೇಕಿತ್ತು” ಎಂದಳು ಅವಳು.

“ಆಗುತ್ತದೆ, ನಾಳೆಯ ವರೆಗೆ ತಾಳು” ಎಂದರು ಅಜ್ಜಿ.